ಸೀರೀಸ್ ಬೋರ್ಡಿನ ಹಳದಿ ಬಲ್ಬು

ಯಲಹಂಕ ಉಪನಗರದ ಓದುಗರೊಬ್ಬರು ಕೇಳಿದ್ದಾರೆ: “ಸಣ್ಣಪುಟ್ಟ ರಿಪೇರಿ ಮನೆಯಲ್ಲೇ ಮಾಡಿಕೊಳ್ಳುತ್ತೇನೆ. ಸೀರೀಸ್ ಬೋರ್ಡಿನ 100 ವ್ಯಾಟ್ ಬಲ್ಬು ಒಡೆದುಹೋಯಿತು. ಎಲ್‌ಇಡಿ ಹಾಕಬಹುದೇ?”

ಬೇಡಿ ಸ್ವಾಮಿ! ಯಾಕೆ ಬೇಡ ಎನ್ನುವುದರಲ್ಲೇ ಇದೆ ಮಜಾ.

ಜಾಲಹಳ್ಳಿಯಲ್ಲಿ 1954ರಲ್ಲಿ ಬಿಇಎಲ್ ಎಂಬ ಎಲೆಕ್ಟ್ರಾನಿಕ್ಸ್ ಕಂಪನಿ ಹುಟ್ಟಿದ್ದರಿಂದ ಉತ್ತರ ಬೆಂಗಳೂರಿನ ಈ ಭಾಗದಲ್ಲಿ ಸೋಲ್ಡರಿಂಗ್ ಕಲಿತ ಕೈಗಳಿಗೆ ಬರವಿಲ್ಲ. ವಿದ್ಯಾರಣ್ಯಪುರದಲ್ಲಿ ಅಲ್ಲಿಂದ ನಿವೃತ್ತರಾದ ಒಬ್ಬರ ಕಾರ್ ಶೆಡ್ಡು ನೋಡಿದ್ದೇನೆ. ಕಾರಿಗೆ ಜಾಗವೇ ಇಲ್ಲ. ಮೇಜಿನ ಮೇಲೆ ಆಸಿಲೊಸ್ಕೋಪು, ಮೀಟರು ಎಲ್ಲ ಇವೆ. ಆದರೂ ಕೆಟ್ಟ ಟಿವಿ ಬಂದರೆ ಅವರು ಮೊದಲು ಎಳೆದುಕೊಳ್ಳುವುದು ಹಲಗೆಗೆ ಹೊಡೆದ ಒಂದು ಹೋಲ್ಡರು, ಒಂದು ಸಾಕೆಟ್ಟು. ಅದೇ ಸೀರೀಸ್ ಬೋರ್ಡು. ಕರೆಂಟು ಬಲ್ಬನ್ನು ಹಾದೇ ಟಿವಿಗೆ ಹೋಗಬೇಕು, ಅಷ್ಟೇ ವ್ಯವಸ್ಥೆ.

ಉರಿಯುವಾಗ 100 ವ್ಯಾಟಿನ ಬಲ್ಬಿನ ರೆಸಿಸ್ಟೆನ್ಸು ಸುಮಾರು 530 ಓಮ್. ಅದನ್ನೇ ಆರಿಸಿ, ತಣ್ಣಗಾದ ಮೇಲೆ ಮೀಟರು ಹಿಡಿದು ನೋಡಿ: ಬರೀ 40 ಓಮ್ ಆಸುಪಾಸು! ಟಂಗ್‌ಸ್ಟನ್ ತಂತಿ ಕಾದಷ್ಟೂ ಕರೆಂಟಿಗೆ ಅಡ್ಡ ನಿಲ್ಲುತ್ತದೆ. ಹೊಸಿಲಲ್ಲಿ ಕೂತ ಅಜ್ಜಿಯ ಹಾಗೆ ಇದರ ಸ್ವಭಾವ. ಮೆಲ್ಲಗೆ ಬಂದವರನ್ನು ಒಳಗೆ ಬಿಡುತ್ತದೆ, ನುಗ್ಗಿದವರನ್ನು ತಡೆಯುತ್ತದೆ. ಟಿವಿ ಸರಿಯಿದ್ದರೆ ಒಳಗಿನ ದೊಡ್ಡ ಕೆಪಾಸಿಟರ್ ತುಂಬುವಾಗ ಬಲ್ಬು ಒಮ್ಮೆ ಫಳಕ್ಕೆಂದು ಹೊಳೆದು ಮಂಕಾಗುತ್ತದೆ. ಹೊಳಪು ಇಳಿಯದೇ ಉರಿಯುತ್ತಿದ್ದರೆ ಒಳಗೆಲ್ಲೋ ಶಾರ್ಟ್ ಆಗಿದೆ. ಆಗಲೂ ಅರ್ಧ ಆಂಪಿಯರಿಗಿಂತ ಹೆಚ್ಚು ಹರಿಯದು, ಹೊಸದಾಗಿ ಹಾಕಿದ ಬಿಡಿಭಾಗ ಸುಡದೆ ಉಳಿಯುತ್ತದೆ. ಬಲ್ಬು ಮಿಣುಕ್ಕೂ ಅನ್ನದಿದ್ದರೆ ಫ್ಯೂಸೋ ವೈರೋ ಹೋಗಿದೆ ಅಂತ ಹುಡುಕಬೇಕು.

ಎಲ್‌ಇಡಿ ಬಲ್ಬಿಗೆ ಈ ಗುಣವಿಲ್ಲ. ಅದರೊಳಗಿನ ಪುಟ್ಟ ಸರ್ಕ್ಯೂಟು ತನಗೆ ಬೇಕಾದ ಚೂರು ಕರೆಂಟನ್ನಷ್ಟೇ ಹಾಯಗೊಡುತ್ತದೆ. ಚೆನ್ನಾಗಿರುವ ಟಿವಿಯೂ ಸತ್ತಂತೆ ಕಾಣುತ್ತದೆ.

ಇದು ಬರೀ ಮೆಕ್ಯಾನಿಕ್ಕುಗಳ ಉಪಾಯ ಅಂದುಕೊಳ್ಳಬೇಡಿ. ಬಿಲ್ ಹ್ಯೂಲೆಟ್, ವಿದ್ಯುತ್ ಅಲೆ ಹುಟ್ಟಿಸುವ ತಮ್ಮ ಆಸಿಲೇಟರಿನಲ್ಲಿ ಅಲೆಯ ಎತ್ತರ ಏರಿಳಿಯದಂತೆ ಹಿಡಿದಿಡಲು ಬಳಸಿದ್ದು ಇಂಥದೇ ಪುಟ್ಟ ಬಲ್ಬನ್ನು. ಅಲೆ ಜೋರಾದರೆ ತಂತಿ ಕಾಯುತ್ತದೆ, ರೆಸಿಸ್ಟೆನ್ಸು ಏರುತ್ತದೆ, ಅಲೆ ತಾನಾಗಿ ತಗ್ಗುತ್ತದೆ. ಡೇವಿಡ್ ಪ್ಯಾಕರ್ಡ್ ಜೊತೆ 1939ರಲ್ಲಿ ಅವರು ಎಚ್‌ಪಿ ಕಂಪನಿ ಕಟ್ಟಿದ್ದು ಪಾಲೊ ಆಲ್ಟೊದ ಒಂದು ಕಾರ್ ಶೆಡ್ಡಿನಲ್ಲಿ. ‘ಫ್ಯಾಂಟೇಸಿಯಾ’ ಚಿತ್ರದ ಧ್ವನಿವ್ಯವಸ್ಥೆಗೆಂದು ಡಿಸ್ನಿಯವರು ಅಂಥ ಎಂಟು ಆಸಿಲೇಟರ್ ಕೊಂಡರು.

ಅದೇ ಪತ್ರದಲ್ಲಿ ಇನ್ನೊಂದು ಮಾತಿದೆ: ಆಯುಧಪೂಜೆಗೆ ಯುಪಿಎಸ್ ಮೇಲೆ ನಿಂಬೆಹಣ್ಣು ಹೋಳು ಮಾಡಿ, ಕುಂಕುಮ ಹಚ್ಚಿ ಇಟ್ಟ ವಾರದಲ್ಲೇ ಅದು ಕೆಟ್ಟಿತಂತೆ, ಯಾರ ದೃಷ್ಟಿಯೋ ಅಂತ ಮನೆಯವರ ಅನುಮಾನ. ದೃಷ್ಟಿ ಎಲ್ಲಿಂದ ಬಂತು? ನಿಂಬೆರಸ ಹುಳಿ, ಗಾಳಿಕಿಂಡಿಯಿಂದ ಬೋರ್ಡಿಗೆ ಇಳಿದರೆ ತಾಮ್ರವನ್ನು ತಿನ್ನುತ್ತದೆ, ಕರೆಂಟನ್ನೂ ಹರಿಸುತ್ತದೆ. ಮುಚ್ಚಳ ಬಿಚ್ಚಿ ನೋಡಿ, ಹಸಿರು ಕಿಲುಬು ಕಂಡೀತು. ಪೂಜೆ ಮಾಡಿ, ಬೇಡ ಅನ್ನುವುದಿಲ್ಲ. ಹಣ್ಣನ್ನು ಪಕ್ಕದಲ್ಲಿಡಿ.

ಮತ್ತೆ ಸೀರೀಸ್ ಬೋರ್ಡಿಗೆ ಬಂದರೆ, ಬಲ್ಬು ಯಂತ್ರವನ್ನು ಕಾಯುತ್ತದೆಯೇ ಹೊರತು ನಿಮ್ಮನ್ನಲ್ಲ. ಪ್ಲಗ್ ಕಿತ್ತ ಮೇಲೂ ಟಿವಿಯ ಆ ದೊಡ್ಡ ಕೆಪಾಸಿಟರಿನಲ್ಲಿ 325 ವೋಲ್ಟಿನವರೆಗೆ ಉಳಿದಿರಬಹುದು. ಮೀಟರಿನಲ್ಲಿ ನೋಡದೆ ಮುಟ್ಟಬೇಡಿ. ಇಸ್ತ್ರಿಪೆಟ್ಟಿಗೆ ಸಿಕ್ಕಿಸಿ ಬಲ್ಬು ಧಗ್ಗನೆ ಉರಿಯಿತೆಂದು ಅದನ್ನು ಗುಜರಿಗೆ ಹಾಕಲೂಬೇಡಿ, ಸರಿಯಿದ್ದರೂ ಅದು ಹಾಗೇ ಉರಿಸುತ್ತದೆ. ಹಳದಿ ಬಲ್ಬು ಎಸ್.ಪಿ. ರೋಡಿನಲ್ಲಿ ವಿಚಾರಿಸಿ. ಸಿಗದಿದ್ದರೆ 230 ವೋಲ್ಟಿನ ಹ್ಯಾಲೊಜೆನ್ ಆದರೂ ನಡೆಯುತ್ತದೆ, ಅದರೊಳಗಿರುವುದೂ ಟಂಗ್‌ಸ್ಟನ್ ತಂತಿಯೇ.