ಛಂದಸ್ಸಿನ ಪ್ರಸ್ತಾರವೂ ಗಣಕವಿಜ್ಞಾನದ ಮೊದಲ ಪಾಠಗಳೂ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಾಲೇಜುಗಳಲ್ಲಿ ಇತಿಹಾಸವನ್ನೋ ಕನ್ನಡವನ್ನೋ ಓದುವ ವಿದ್ಯಾರ್ಥಿಯು ಗುರುಮುಖವಿಲ್ಲದೆಯೇ ಗಣಕಯಂತ್ರಕ್ಕೆ ಪ್ರೋಗ್ರಾಂ ಬರೆಯಲು ಕಲಿಯುವುದು ಈಗ ಅಪೂರ್ವವೇನಲ್ಲ. ಆತನ ತೊಡಕು ಬೇರೆಯದು. ಬರೆದದ್ದು ನಡೆಯುತ್ತದೆ, ಆದರೆ ಏಕೆ ನಡೆಯಿತು, ಏಕೆ ತಡವಾಯಿತು ಎಂಬುದು ತಿಳಿಯದು. ಮೂಲತತ್ತ್ವಗಳು ಗಣಿತ ಓದಿದವರ ಸೊತ್ತೆಂದು ಬಗೆದು ಆತನು ಹಿಂಜರಿಯುತ್ತಾನೆ. ಈ ಹಿಂಜರಿಕೆ ಅನಗತ್ಯವೆಂದು ನನ್ನ ಅಭಿಪ್ರಾಯ. ಅವುಗಳಲ್ಲಿ ಕೆಲವು ಛಂದಸ್ಸಿನ ತರಗತಿಯಲ್ಲಿಯೇ ಆತನ ಕಿವಿಗೆ ಬಿದ್ದಿರುತ್ತವೆ.

ಪದ್ಯದ ಪ್ರತಿಯೊಂದು ಅಕ್ಷರವೂ ಲಘು ಅಥವಾ ಗುರು, ಮೂರನೆಯದೆಂಬುದಿಲ್ಲ. ಆದುದರಿಂದ 3 ಅಕ್ಷರಗಳಿಗೆ 8 ಗಣಗಳು. ಇವನ್ನು ಕ್ರಮವಾಗಿ ಬರೆಯುವುದೇ ಪ್ರಸ್ತಾರ. ಪಿಂಗಳನ ಛಂದಃಶಾಸ್ತ್ರದಲ್ಲಿರುವ ಈ ವಿಷಯವನ್ನು ಕನ್ನಡದಲ್ಲಿ ಹತ್ತನೆಯ ಶತಮಾನದ ನಾಗವರ್ಮನು ‘ಛಂದೋಂಬುಧಿ’ಯಲ್ಲಿ ನಿರೂಪಿಸಿದ್ದಾನೆ. ಪ್ರಸ್ತಾರವನ್ನೆಲ್ಲ ಬರೆಯದೆ 6ನೆಯ ಸಾಲನ್ನು ಮಾತ್ರ ತಿಳಿಯಬೇಕಾದರೆ ‘ನಷ್ಟ’ವೆಂಬ ವಿಧಾನವುಂಟು. ಸಂಖ್ಯೆ ಸಮವಾದರೆ ಲಘುವನ್ನು ಬರೆದು ಅರ್ಧಿಸಬೇಕು. ಬೆಸವಾದರೆ ಗುರುವನ್ನು ಬರೆದು, 1 ಕೂಡಿಸಿ ಅರ್ಧಿಸಬೇಕು. 6 ಸಮ: ಲಘು. 3 ಬೆಸ: ಗುರು. 2 ಸಮ: ಲಘು. ದೊರೆತದ್ದು ಜಗಣ. ಗುರುವಿಗೆ 0, ಲಘುವಿಗೆ 1 ಎಂದಿಟ್ಟು, ಎಣಿಕೆಯನ್ನು ಸೊನ್ನೆಯಿಂದ ಆರಂಭಿಸಿದರೆ ಇದು 5ರ ದ್ವಿಮಾನ ರೂಪವೇ ಆಗಿದೆ.

ಇದಕ್ಕಿಂತಲೂ ಬೆಲೆಯುಳ್ಳದ್ದು ‘ಸಂಖ್ಯಾ’ ಎಂಬ ವಿಧಾನ. ಶ್ರವಣಬೆಳಗೊಳದ ಶಾಸನಪದ್ಯಗಳಲ್ಲಿಯೂ ಕಾಣುವ ಉತ್ಪಲಮಾಲೆಗೆ ಪಾದಕ್ಕೆ 20 ಅಕ್ಷರ. ಅಷ್ಟು ಅಕ್ಷರಗಳ ಪಾದ ಎಷ್ಟು ಬಗೆಯಲ್ಲಿರಬಹುದು? 1ನ್ನು 20 ಸಲ ಇಮ್ಮಡಿಸಿದರೆ ಉತ್ತರ ಬರುತ್ತದೆ. ಸ್ವಂತವಾಗಿ ಕಲಿತವನು ಸಾಮಾನ್ಯವಾಗಿ ಹಾಗೆಯೇ ಬರೆಯುತ್ತಾನೆ. ಪಿಂಗಳನ ಮಾರ್ಗ ಬೇರೆ: 20ನ್ನು ಅರ್ಧಿಸಿದರೆ 10, ಮತ್ತೆ 5; ಬೆಸವಾದುದರಿಂದ 1 ಕಳೆದು 4, ಬಳಿಕ 2, 1, ಕೊನೆಗೆ 0. ಹಿಂದಿರುಗುವಾಗ 1 ಕಳೆದಲ್ಲಿ ಇಮ್ಮಡಿ, ಅರ್ಧಿಸಿದಲ್ಲಿ ವರ್ಗ: 2, 4, 16, 32, 1024, 10,48,576. ಇಪ್ಪತ್ತರ ಬದಲು ಆರೇ ಹೆಜ್ಜೆ. ಅಕ್ಷರಗಳು 1000 ಆದರೆ ಹೆಜ್ಜೆಗಳು 15. ಗಣಕವಿಜ್ಞಾನದ ತರಗತಿಗಳಲ್ಲಿ ಇಂದಿಗೂ ಘಾತವನ್ನು ಶೀಘ್ರವಾಗಿ ಕಂಡುಹಿಡಿಯಲು ಕಲಿಸುವ ವಿಧಾನವಿದು.

ಇಷ್ಟರಿಂದ ಗಣಕಯಂತ್ರವೇ ನಮ್ಮ ಪ್ರಾಚೀನರಿಗೆ ತಿಳಿದಿತ್ತೆಂದು ಹೇಳಹೊರಡುವುದು ಇತಿಹಾಸವಾಗದು. ದ್ವಿಮಾನ ಅಂಕಗಣಿತವನ್ನು ಕುರಿತು ಲೈಬ್ನಿಟ್ಸನು ತನ್ನ ಪ್ರಬಂಧವನ್ನು ಪ್ರಕಟಿಸಿದ್ದು 1703ರಲ್ಲಿ. ಅವನ ಚಿಂತನೆಯ ದಾರಿ ಬೇರೆ. ಪಿಂಗಳನ ಉದ್ದೇಶ ಪದ್ಯಗಳನ್ನು ಎಣಿಸುವುದಷ್ಟೆ.

ಕಲಾ ವಿಭಾಗದ ವಿದ್ಯಾರ್ಥಿಯು ಮೊದಲು ನಷ್ಟಕ್ಕೊಂದು, ಅದರ ವಿಲೋಮವಾದ ಉದ್ದಿಷ್ಟಕ್ಕೊಂದು ಪ್ರೋಗ್ರಾಂ ಬರೆಯಲಿ. ಒಂದರ ಉತ್ತರವನ್ನು ಇನ್ನೊಂದಕ್ಕೆ ಕೊಟ್ಟಾಗ ಹೊರಟ ಸಂಖ್ಯೆಯೇ ಮರಳಿ ಬರಬೇಕು. ಬಾರದಿದ್ದರೆ ತಪ್ಪು ಬಹುಮಟ್ಟಿಗೆ 1 ಕೂಡಿಸುವ ಹೆಜ್ಜೆಯಲ್ಲಿರುತ್ತದೆ.