ಕಂಗಿನ ತುದಿಗೆ ನೀರೆತ್ತುವವರು ಯಾರು?

ಕಳೆದ ಬೇಸಿಗೆಯಲ್ಲಿ ನಮ್ಮ ಶಾಲೆಯ ಬಾವಿಯ ನೀರು ತಳ ಸೇರಿದಾಗ ಪಂಪು ನೀರೆತ್ತುವುದನ್ನು ನಿಲ್ಲಿಸಿತು. ರಿಪೇರಿಗೆ ಬಂದವರು ಪಂಪನ್ನು ಬಾವಿಕಟ್ಟೆಯಿಂದ ತೆಗೆದು ಬಾವಿಯೊಳಗೆ ಇಳಿಸಿ ಕೂರಿಸಿದರು. "ಇಪ್ಪತ್ತೈದು ಅಡಿಗಿಂತ ಆಳದಿಂದ ಇದು ಎಳೆಯುವುದಿಲ್ಲ ಮಾಷ್ಟ್ರೇ" ಎಂದರು. ಹತ್ತಿರ ನಿಂತಿದ್ದ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಕೂಡಲೇ ಕೇಳಿದ: "ಹಾಗಾದರೆ ನಮ್ಮ ಕಂಗಿನ ತುದಿಗೆ ನೀರು ಹೇಗೆ ಹೋಗುತ್ತದೆ ಸಾರ್? ಅದು ಐವತ್ತು ಅಡಿ ಇದೆಯಲ್ಲ!"

"ಬಾಷ್ಪವಿಸರ್ಜನೆಯ ಸೆಳೆತದಿಂದ" ಎಂದೆವು. ಪಾಠಪುಸ್ತಕದ ಉತ್ತರವದು, ತಪ್ಪಲ್ಲ. ಆದರೆ ಹುಡುಗನ ಮುಖ ನೋಡಿದಾಗ, ಇಷ್ಟು ವರ್ಷ ಒಂದು ಶಬ್ದವನ್ನು ಕೊಟ್ಟು ಪ್ರಶ್ನೆಯ ಬಾಯಿ ಮುಚ್ಚಿಸುತ್ತಾ ಬಂದೆವಲ್ಲ ಎಂದು ನಮಗೇ ನಾಚಿಕೆಯಾಯಿತು.

ಮೊದಲು ಪಂಪಿನ ಸಂಗತಿ ನೋಡೋಣ. ಪಂಪು ಕೊಳವೆಯೊಳಗಿನ ಗಾಳಿಯನ್ನು ತೆಗೆಯುತ್ತದೆ. ಆಗ ನೀರನ್ನು ಕೆಳಗಿನಿಂದ ತಳ್ಳುವುದು ಹೊರಗಿನ ವಾತಾವರಣದ ಒತ್ತಡ. ಆ ಒತ್ತಡಕ್ಕೆ ಸುಮಾರು 34 ಅಡಿ ನೀರಿನ ಕಂಬವನ್ನು ಮಾತ್ರ ಹೊರಲು ಸಾಧ್ಯ. ಪಂಪು ಎಷ್ಟೇ ದೊಡ್ಡದಿರಲಿ, ಆ ಮಿತಿ ಮೀರದು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಸುಮಾರು 380 ಅಡಿ ಎತ್ತರದ ರೆಡ್‌ವುಡ್ ಮರವಿದೆ. ಅದರ ತುದಿಯ ಎಲೆಯೂ ಹಸಿರಾಗಿಯೇ ಇದೆ!

ಹಾಗಾದರೆ ಬೇರು ತಳ್ಳುತ್ತದೆಯೇ? ತಳ್ಳುವುದುಂಟು. ಬೆಳಗ್ಗೆ ಕೆಸುವಿನ ಎಲೆಯ ತುದಿಯಲ್ಲಿ ತೊಟ್ಟಿಕ್ಕುವ ಹನಿ ಎಲ್ಲವೂ ಇಬ್ಬನಿಯಲ್ಲ. ಬೇರೊತ್ತಡದಿಂದ ಹೊರಬಂದ ನೀರೂ ಅದರಲ್ಲಿದೆ. ಆದರೆ ಈ ಒತ್ತಡ ಕಾಣಿಸುವುದು ಹೆಚ್ಚಾಗಿ ರಾತ್ರಿ. ಮರಕ್ಕೆ ಹೆಚ್ಚು ನೀರು ಬೇಕಾದ ನಡುಹಗಲಿನಲ್ಲಿ ಅದು ಇಲ್ಲವೆಂಬಷ್ಟು ಕಡಿಮೆ. ದೀಪದ ಬತ್ತಿಗೆ ಎಣ್ಣೆ ಏರುವಂತೆ ನೀರು ಏರುತ್ತದೆ ಎನ್ನೋಣವೇ? ಮಿಲಿಮೀಟರಿನ ಹತ್ತನೆಯ ಒಂದು ಪಾಲು ಅಗಲದ ಕೊಳವೆಯಲ್ಲಿ ನೀರು ತಾನಾಗಿ ಏರುವುದು ಸುಮಾರು ಒಂದಡಿ ಮಾತ್ರ.

ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ 1727ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಎಲೆಗಳಿಂದ ನೀರು ಆವಿಯಾಗುವುದಕ್ಕೂ ಬೇರು ನೀರು ಹೀರುವುದಕ್ಕೂ ಇರುವ ಸಂಬಂಧವನ್ನು ತೂಕ ಹಾಕಿ ತೋರಿಸಿದರು. 1891ರ ಸುಮಾರಿಗೆ ಜರ್ಮನಿಯ ಸ್ಟ್ರಾಸ್‌ಬರ್ಗರ್ ಕಡಿದ ಮರದ ಬುಡವನ್ನು ವಿಷದ ದ್ರಾವಣದಲ್ಲಿ ಇಟ್ಟು ನೋಡಿದರು. ಕಾಂಡದ ಜೀವಕೋಶಗಳು ಸತ್ತರೂ ದ್ರಾವಣ ಮೇಲೇರುತ್ತಲೇ ಇತ್ತು. ನಮ್ಮ ಜಗದೀಶಚಂದ್ರ ಬೋಸರು 1923ರ ತಮ್ಮ ಗ್ರಂಥದಲ್ಲಿ, ಕಾಂಡದ ಜೀವಕೋಶಗಳೇ ಹೃದಯದಂತೆ ಮಿಡಿದು ರಸವನ್ನು ತಳ್ಳುತ್ತವೆ ಎಂದು ವಾದಿಸಿದರು. ಆ ವಾದವನ್ನು ವಿಜ್ಞಾನಲೋಕ ಒಪ್ಪಲಿಲ್ಲ. ಇಂದಿಗೂ ನಿಂತಿರುವುದು ಡಬ್ಲಿನ್ನಿನ ಡಿಕ್ಸನ್ ಮತ್ತು ಜೋಲಿ ಎಂಬವರು 1894ರಲ್ಲಿ ಕೊಟ್ಟ ವಿವರಣೆ.

ಅದು ಇಷ್ಟೇ: ನೀರನ್ನು ಕೆಳಗಿನಿಂದ ತಳ್ಳುವವರಿಲ್ಲ, ಮೇಲಿನಿಂದ ಎಳೆಯುವವರಿದ್ದಾರೆ. ಬಿಸಿಲಿಗೆ ಎಲೆಯ ಸಣ್ಣ ರಂಧ್ರಗಳಿಂದ ನೀರು ಆವಿಯಾಗಿ ಹೋಗುತ್ತದೆ. ನೀರಿನ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿವೆ. ಆದುದರಿಂದ ಹೋದ ಕಣದ ಜಾಗಕ್ಕೆ ಅದರ ಕೆಳಗಿನದು, ಅದರ ಹಿಂದೆ ಇನ್ನೊಂದು, ಹೀಗೆ ಬೇರಿನ ತುದಿಯವರೆಗೂ ಎಳೆತ ಮುಟ್ಟುತ್ತದೆ. ಬಾವಿಕಟ್ಟೆಯಲ್ಲಿ ನಿಂತು ಎಳೆದರೆ ಹಗ್ಗದ ಕೆಳತುದಿಯ ಕೊಡಪಾನ ಏರುವುದಿಲ್ಲವೇ? ಇಲ್ಲಿ ನೀರೇ ಹಗ್ಗ. ಎಳೆಯುವವನು ಸೂರ್ಯ. ಬೇರು ಹೀರಿದ ನೀರಿನಲ್ಲಿ ನೂರಕ್ಕೆ ತೊಂಬತ್ತೈದು ಪಾಲಿಗೂ ಹೆಚ್ಚು ಹೀಗೆ ಆವಿಯಾಗಿಯೇ ಹೋಗುತ್ತದೆ.

ಪಂಪಿನ ಅಗಲ ಪೈಪಿನಲ್ಲಿ ಈ ಹಗ್ಗ ನಿಲ್ಲದು. ಗುಳ್ಳೆ ಎದ್ದು ತುಂಡಾಗುತ್ತದೆ. ಮರದ ಕೊಳವೆಗಳು ಕೂದಲಿನಂತೆ ಸಪೂರ. ಅವುಗಳೊಳಗೆ ನೀರು ಗೋಡೆಗೂ ಅಂಟಿಕೊಂಡು, ಗಾಳಿಗೆ ಎಡೆಯಿಲ್ಲದೆ ನಿಂತಿರುತ್ತದೆ. ಆದರೆ ಮಣ್ಣು ಒಣಗಿ ಕೆಳಗೆ ನೀರು ಸಿಗದೆ ಹೋದರೆ ಎಳೆತ ಮಿತಿಮೀರುತ್ತದೆ. ಆಗ ಕೊಳವೆಯೊಳಗೆ ಗಾಳಿ ನುಗ್ಗಿ ಹಗ್ಗ ಕಡಿಯುತ್ತದೆ. ಪಂಪು ಗಾಳಿ ಎಳೆದರೆ ಏನಾಗುತ್ತದೆಂದು ನಮ್ಮ ಕೃಷಿಕರಿಗೆ ಹೇಳಬೇಕಾಗಿಲ್ಲ. ಪಂಪಿಗಾದರೆ ನೀರು ಹೊಯ್ದು ಮತ್ತೆ ಓಡಿಸಬಹುದು. ಮರದ ತುಂಬ ಕೊಳವೆಗಳು ಹೀಗೆ ಬರಿದಾದರೆ ಯಾರು ಹೊಯ್ಯುವುದು?

ಕಂಗು, ತೆಂಗುಗಳಿಗೆ ಇನ್ನೊಂದು ಕಷ್ಟವಿದೆ. ಮಾವು, ಹಲಸಿನ ಮರಗಳು ದಪ್ಪವಾಗುತ್ತಾ ಹೊಸ ಕೊಳವೆಗಳನ್ನು ಕಟ್ಟಿಕೊಳ್ಳುತ್ತವೆ, ಗಾಯವನ್ನೂ ಮುಚ್ಚಿಕೊಳ್ಳುತ್ತವೆ. ಕಂಗಿನ ಕಾಂಡಕ್ಕೆ ಆ ಭಾಗ್ಯವಿಲ್ಲ. ಸಸಿಯಾಗಿದ್ದಾಗ ಬುಡದಲ್ಲಿ ಮೂಡಿದ ಕೊಳವೆಗಳೇ ಮರ ಮುದಿಯಾಗುವವರೆಗೂ ದುಡಿಯಬೇಕು. ಕತ್ತಿಯ ಏಟು ಬಿದ್ದರೆ ಆ ಗಾಯ ಜೀವಮಾನಪೂರ್ತಿ ಗಾಯವೇ. ಪಡುಬಿಸಿಲಿಗೆ ಸುಟ್ಟ ಕಾಂಡ ಸೀಳಿ, ಗಾಳಿಗೆ ಮುರಿಯುವುದನ್ನೂ ನಾವು ಕಂಡಿದ್ದೇವೆ. ಕಾಂಡಕ್ಕೆ ಸೋಗೆ ಕಟ್ಟುವ, ಸುಣ್ಣ ಬಳಿಯುವ ಹಿರಿಯರ ಕ್ರಮ ಸುಮ್ಮನೆ ಬಂದದ್ದಲ್ಲ.

ನಾವೂ ಒಂದು ವರ್ಷ, ಸೋಗೆ ಜೋತ ಮೇಲೆ ನೀರು ಬಿಟ್ಟರಾಯಿತೆಂದು ನಮ್ಮ ಸಣ್ಣ ತೋಟದಲ್ಲಿ ಉದಾಸೀನ ಮಾಡಿದ್ದುಂಟು. ಹಿಂಗಾರ ಕರಟಿತು, ಎಳೆಕಾಯಿ ಉದುರಿತು. ಆಮೇಲೆ ಬಿಟ್ಟ ನೀರು ಆ ವರ್ಷದ ಫಸಲನ್ನು ಮರಳಿ ಕೊಡಲಿಲ್ಲ. ಸೋಗೆ ಜೋಲುವುದು ಬಾಯಾರಿಕೆಯ ಮೊದಲ ಕೂಗಲ್ಲ, ತಡವಾದ ಕೂಗು. ಬುಡಕ್ಕೆ ಸೊಪ್ಪು, ತರಗೆಲೆ ಹಾಸಿ ಇದ್ದ ತೇವವನ್ನು ಉಳಿಸುವುದು, ಬಾವಿಯಲ್ಲಿ ನೀರು ಕಡಿಮೆಯಿದ್ದರೂ ಸ್ವಲ್ಪ ಸ್ವಲ್ಪವಾಗಿ ತಪ್ಪದೆ ಕೊಡುವುದು, ಇವೆರಡೂ ಆ ಹಗ್ಗ ಕಡಿಯದಂತೆ ನೋಡಿಕೊಳ್ಳುವ ಉಪಾಯಗಳು.

ಮರುದಿನ ಆ ತರಗತಿಯಲ್ಲಿ ಕರ್ಣಕುಂಡಲದ ಗಿಡವೊಂದನ್ನು ಬೇರುಸಹಿತ ಕಿತ್ತು ತೊಳೆದು, ಕೆಂಪು ಶಾಯಿ ಬೆರೆಸಿದ ನೀರಿನಲ್ಲಿ ಇಟ್ಟೆವು. ಊಟದ ಬೆಲ್ಲು ಹೊಡೆಯುವಷ್ಟರಲ್ಲಿ ತೆಳುಕಾಂಡದೊಳಗೆ ಕೆಂಪು ಗೆರೆಗಳು ಏರಿದ್ದವು. ಆ ಹುಡುಗ ಗಿಡವನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ. ಮತ್ತೆ, "ಹಾಗಾದರೆ ಮೋಡ ಇದ್ದ ದಿನ ನಿಧಾನ ಏರುತ್ತದಾ ಸಾರ್?" ಎಂದು ಕೇಳಿದ. ಈ ಸಲ ನಾವು ಉತ್ತರ ಹೇಳಲಿಲ್ಲ. ಮೋಡದ ದಿನಕ್ಕೆ ಇನ್ನೊಂದು ಗಿಡ ತರಲು ಹೇಳಿದೆವು.