ಶ್ರಮಕ್ಕೆ ತಕ್ಕ ಆಹಾರದ ಅಳತೆ

ಉಳುಮೆಯ ದಿವಸಗಳಲ್ಲಿ ಎತ್ತುಗಳಿಗೆ ಹುರುಳಿ, ಹಿಂಡಿಗಳನ್ನು ಹೆಚ್ಚಿಸಿ, ಬಿಡುವಿನ ದಿವಸಗಳಲ್ಲಿ ತಗ್ಗಿಸತಕ್ಕದ್ದೆಂಬುದು ಒಕ್ಕಲುತನ ಮಾಡುವವರೆಲ್ಲರಿಗೂ ವಿದಿತವಾದ ಸಂಗತಿ. ಆದರೆ ಈ ನಿಯಮವನ್ನು ತಮ್ಮ ಊಟಕ್ಕೆ ಅನ್ವಯಿಸಿಕೊಳ್ಳುವವರು ವಿರಳ. ನೇಗಿಲಿನ ಕೆಲಸವು ಟ್ರ್ಯಾಕ್ಟರಿಗೂ, ಕಪಿಲೆಯ ಕೆಲಸವು ವಿದ್ಯುತ್ ಪಂಪಿಗೂ ಸಂದ ಮೇಲೆಯೂ ಅನೇಕ ಜಮೀನುದಾರರ ಮನೆಗಳಲ್ಲಿ ಮುದ್ದೆಯ ಗಾತ್ರವು ಮೊದಲಿನಂತೆಯೇ ಉಳಿದಿದೆ. ವ್ಯಯವಾಗದ ಆಹಾರವು ಕೊಬ್ಬಾಗಿ ಸೊಂಟದ ಸುತ್ತ ಸೇರಿ, ಸಿಹಿಮೂತ್ರ ರೋಗಕ್ಕೂ ರಕ್ತದ ಒತ್ತಡಕ್ಕೂ ದಾರಿಮಾಡುತ್ತದೆ.

ಆಹಾರದ ಶಕ್ತಿಯನ್ನು ಕ್ಯಾಲರಿಯೆಂಬ ಮಾನದಿಂದ ಅಳೆಯುವರು. ಒಂದು ಲೀಟರು ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಂಟಿಗ್ರೇಡಿನಷ್ಟು ಏರಿಸಲು ಬೇಕಾಗುವ ಶಾಖವೇ ಆಹಾರದ ಲೆಕ್ಕದಲ್ಲಿ ಒಂದು ಕ್ಯಾಲರಿ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯವರು 2020ರಲ್ಲಿ ಗೊತ್ತುಪಡಿಸಿದಂತೆ, 65 ಕಿಲೋ ತೂಕದ ಪುರುಷನಿಗೆ ದಿನವೊಂದಕ್ಕೆ ಕುಳಿತು ಮಾಡುವ ಕೆಲಸದಲ್ಲಿ 2,110, ಮಧ್ಯಮ ಶ್ರಮದಲ್ಲಿ 2,710, ಕಠಿಣ ಶ್ರಮದಲ್ಲಿ 3,470 ಕ್ಯಾಲರಿಗಳು ಬೇಕು. 55 ಕಿಲೋ ತೂಕದ ಸ್ತ್ರೀಗೆ ಇವು ಕ್ರಮವಾಗಿ 1,660, 2,130 ಮತ್ತು 2,720.

ಇದರಿಂದ ತಮ್ಮ ಲೆಕ್ಕವನ್ನು ಹೀಗೆ ತೆಗೆಯಬಹುದು. ಮೀಟರಿನಲ್ಲಿ ಅಳೆದ ಎತ್ತರವನ್ನು ಅದರಿಂದಲೇ ಗುಣಿಸಿ, ಬಂದುದನ್ನು 21ರಿಂದ ಗುಣಿಸಿದರೆ ಎತ್ತರಕ್ಕೆ ಒಪ್ಪುವ ತೂಕವು ದೊರೆಯುವುದು. ಅದನ್ನು ಪುರುಷರು ಶ್ರಮಾನುಸಾರ 32, 42 ಅಥವಾ 53ರಿಂದಲೂ, ಸ್ತ್ರೀಯರು 30, 39 ಅಥವಾ 49ರಿಂದಲೂ ಗುಣಿಸತಕ್ಕದ್ದು. ಸ್ಥೂಲಕಾಯರು ಈಗಿನ ತೂಕವನ್ನು ಹಿಡಿಯಲಾಗದು. ನಿದರ್ಶನಕ್ಕೆ, 1.65 ಮೀಟರು ಎತ್ತರದ ಪುರುಷನಿಗೆ ಒಪ್ಪುವ ತೂಕ 57 ಕಿಲೋ. ಆತನು ಜಗಲಿಯಲ್ಲಿ ಕುಳಿತು ಲೆಕ್ಕ ನೋಡುವವನಾದರೆ ಸುಮಾರು 1,820 ಕ್ಯಾಲರಿ ಸಾಕು. ದಿನವಿಡೀ ಗುದ್ದಲಿ ಹಿಡಿಯುವವನಾದರೆ 3,020 ಬೇಕು. ಈ 1,200ರ ಅಂತರವು ಸುಮಾರು 375 ಗ್ರಾಂ ರಾಗಿಹಿಟ್ಟಿಗೆ ಸಮ.

ತಗ್ಗಿಸುವಾಗ ಮೊದಲು ಕೈಹಾಕಬೇಕಾದುದು ಎಣ್ಣೆ, ಸಕ್ಕರೆ, ಬೆಲ್ಲಗಳಿಗೆ. ಹತ್ತು ಗ್ರಾಂ ಎಣ್ಣೆಯಲ್ಲಿ 90, ಅಷ್ಟೇ ಸಕ್ಕರೆಯಲ್ಲಿ 40 ಕ್ಯಾಲರಿಗಳಿವೆ. ಅನಂತರ ಅನ್ನ, ಮುದ್ದೆಗಳನ್ನು ಮಿತಗೊಳಿಸಿ. ಬೇಳೆ, ಕಾಳು, ಸೊಪ್ಪು, ಮಜ್ಜಿಗೆಗಳನ್ನು ಬಿಡತಕ್ಕದ್ದಲ್ಲ. ಈ ಲೆಕ್ಕವು ಅಂದಾಜೇ ಹೊರತು ಕರಾರುವಾಕ್ಕಲ್ಲವಾದ್ದರಿಂದ ವಾರಕ್ಕೊಮ್ಮೆ ಬೆಳಿಗ್ಗೆ, ಒಂದೇ ತೂಕದ ಯಂತ್ರದಲ್ಲಿ ತೂಗಿ ಬರೆದಿಡಬೇಕು. ತಿಂಗಳಾದರೂ ತೂಕ ಇಳಿಯದಿದ್ದಲ್ಲಿ ನೂರಿನ್ನೂರು ಕ್ಯಾಲರಿ ಕಡಿಮೆಮಾಡಿ. ವಾರಕ್ಕೆ ಒಂದು ಕಿಲೋಗಿಂತ ಹೆಚ್ಚಾಗಿ ಇಳಿದಲ್ಲಿ ಕೂಡಿಸಿ. ಗರ್ಭಿಣಿಯರಿಗೂ ಬಾಣಂತಿಯರಿಗೂ ಮಕ್ಕಳಿಗೂ ಈ ಲೆಕ್ಕವು ಸಲ್ಲದು. ಸಿಹಿಮೂತ್ರಕ್ಕೆ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಊಟ ತಗ್ಗಿಸಿದರೆ ಅಪಾಯವುಂಟು.

ಜಮೀನುದಾರರು ಮತ್ತೊಂದು ಅಂಶವನ್ನೂ ಲಕ್ಷ್ಯದಲ್ಲಿಡಬೇಕು. ಮಿತಾಹಾರವು ಕುಳಿತವರಿಗೆ ಹಿತವೇ ಹೊರತು ದುಡಿಯುವವರಿಗಲ್ಲ. ನಾಟಿ, ಕಳೆ, ಕೊಯ್ಲುಗಳ ಕಾಲದಲ್ಲಿ ಆಳುಗಳಿಗೆ ಬಡಿಸುವ ಊಟವನ್ನು ಇದೇ ಅಳತೆಯಿಂದ ಪರೀಕ್ಷಿಸಿದರೆ ಎಷ್ಟೋ ಮನೆಗಳಲ್ಲಿ ಅದು ಸಾಲದೆಂದೇ ಕಂಡುಬಂದೀತು. ಗ್ರಾಮದ ಮುಖಂಡರು ತಮ್ಮ ತಟ್ಟೆಯಲ್ಲಿ ಕಳೆಯುವುದನ್ನೂ, ದುಡಿಯುವವರ ತಟ್ಟೆಯಲ್ಲಿ ಕೂಡಿಸುವುದನ್ನೂ ಏಕಕಾಲದಲ್ಲಿ ಆಚರಣೆಗೆ ತರಬೇಕಾಗಿ ಕೋರಲಾಗಿದೆ.